ಹಗೇವಿನಿಂದ ಬಂದ ಬೋರಮಾಳ

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಮೋರಟಗಿಯಲ್ಲಿ ಗೆಳತಿಯ ಮನೆಯ ಪಡಸಾಲೆಯಲ್ಲಿ ಕೂತು ಅಂಟವಾಳದ ನೀರಿನಲ್ಲಿ ಬೆಳ್ಳಿಯ ಒಂದು ಸೊಂಟದ ಡಾಬು ತೊಳೆಯುತ್ತಿದ್ದೆ. ಹೊತ್ತು ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣವಿದೆ. ಆಗಷ್ಟೇ ಸಿಂದಗಿಯ ಬ್ಯಾಂಕಿನಿಂದ ಫೋನ್ ಬಂದಿತ್ತು. ‘ಹನ್ನೆರಡಕ್ಕ ಬರ್ತೀರಲ್ರಿ ಮೇಡಮ್, ಗಿರಾಕಿ ಕುಂತಾರ’ ಎಂದರು. ನಾನು ಗೋಡೆಯ ಗಡಿಯಾರ ನೋಡಿ ‘ಬರ್ತೇನ್ರಿ’ ಎಂದೆ. ಫೋನ್ ಕೆಳಗಿಡುವಾಗ ಅಂಗಳದಿಂದ ಗೆಳತಿಯ ಅತ್ತೆಯ ದನಿ ಕೇಳಿಸಿತು.

‘ಮೊದಲ ದೀಪ ಬಿಟ್ಟಿಯೇನೋ?’

‘ಬಿಟ್ಟೇನವ್ವಾ. ಛಲೋ ಉರಿಯಾಕತ್ತೈತಿ. ಇಳೀತೇನಿ.’

ಎರಡನೆಯ ದನಿ ಗೆಳತಿಯ ಗಂಡನದು. ಅವನು ಅಂಗಳದ ನೆಲದಡಿಯ ಹಗೇವಿಗೆ ಇಳಿಯುತ್ತಿದ್ದ. ನಾನು ತಲೆ ಎತ್ತದೆ ಡಾಬಿನ ಕೊಂಡಿಯನ್ನು ಹಲ್ಲುಜ್ಜುವ ಬ್ರಶ್‌ನಿಂದ ತಿಕ್ಕುತ್ತಾ ಇದ್ದೆ. ಹಗೇವಿಗೆ ಇಳಿಯುವ ಮೊದಲು ದೀಪ ಬಿಟ್ಟು ನೋಡುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ರೀತಿ. ದೀಪ ಉರಿಯುತ್ತಿದೆ ಎಂದ ಮೇಲೆ ಚಿಂತೆಯಿಲ್ಲ ಎಂದುಕೊಂಡೆ.

ನಮ್ಮದು ಮುದ್ದೇಬಿಹಾಳದ ಪತ್ತಾರರ ಮನೆ. ಬಂಗಾರ ಕಾಯಿಸುವ ಕುಲುಮೆಯ ಪಕ್ಕದಲ್ಲೇ ಕೂತು ನಾನು ಬಿ.ಎಸ್ಸಿ. ಓದಿದೆ. ಈಗ ನನ್ನ ಕೆಲಸ ಬ್ಯಾಂಕುಗಳಿಗೆ ಅಡವಿಡಲು ಬರುವ ಬಂಗಾರವನ್ನು ಪರೀಕ್ಷೆ ಮಾಡಿ ಬೆಲೆ ಹೇಳುವುದು. ವಾರದಲ್ಲಿ ಒಂದೊಂದು ದಿನ ಒಂದೊಂದು ಊರು: ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಉಳಿದ ದಿನ ಮುದ್ದೇಬಿಹಾಳ. ಒರೆಗಲ್ಲು, ಭೂತಗನ್ನಡಿ, ಅಂಗೈಯಷ್ಟಗಲದ ತಕ್ಕಡಿ, ಇಷ್ಟು ಚೀಲದಲ್ಲಿದ್ದರೆ ನನಗೆ ಬೇರೆ ಆಸ್ತಿ ಬೇಡ. ಬಂಗಾರದ ವಿಷಯದಲ್ಲಿ ನನಗೆ ಅನುಮಾನ ಬರುವುದು ಬಹಳ ಕಡಿಮೆ. ಇದನ್ನು ಜಂಬದಿಂದ ಹೇಳುತ್ತಿಲ್ಲ. ಅನುಮಾನದ ಮೇಲೆ ಈ ಕೆಲಸ ನಡೆಯುವುದಿಲ್ಲ, ಅಷ್ಟೆ.

ಗೆಳತಿ ಬಸವನ ಬಾಗೇವಾಡಿಯವಳು, ಕಾಲೇಜಿನಲ್ಲಿ ನನ್ನ ಹಾಸ್ಟೆಲ್ ಕೋಣೆಯ ಜೊತೆಗಾತಿ. ಅವಳ ಅತ್ತೆಯ ತವರೂ ಅದೇ ಊರು. ಮದುವೆಯಾಗಿ ಮೋರಟಗಿಗೆ ಬಂದ ಹೊಸದರಲ್ಲೇ ಗೆಳತಿ ನನಗೆ ಹೇಳಿದ್ದ ಮಾತು: ‘ನಮ್ಮತ್ತಿಗಿ ಊರಾಗ ಒಂದು ಹೆಸರೈತಿ. ಯಾರೂ ಎದುರಿಗಿ ಅನ್ನೂದಿಲ್ಲ, ಅಷ್ಟ.’

ಆ ಹೆಸರು ಕಳ್ಳಿ ಎಂದು. ಅತ್ತೆ ಸೊಸೆಯಾಗಿ ಬಂದು ಕೆಲವು ವರ್ಷಕ್ಕೆ ಆಕೆಯ ಅತ್ತೆಗೆ ಲಕ್ವಾ ಹೊಡೆಯಿತು. ಮಾತು ಹೋಯಿತು. ಈ ಸೊಸೆಯೇ ಆರೈಕೆ ಮಾಡಿದಳು. ಮುದುಕಿ ತೀರಿಕೊಂಡ ಮೇಲೆ ಟ್ರಂಕು ತೆಗೆದರೆ ಅದರಲ್ಲಿ ಕೊರಳ ಬೋರಮಾಳವೂ ಇಲ್ಲ, ಕೈಯ ಪಾಟಲಿಯೂ ಇಲ್ಲ, ಮೂಗಿನ ನತ್ತೂ ಇಲ್ಲ, ಡಾಬೂ ಇಲ್ಲ. ಮುದುಕಿಯ ಮಗಳು, ಅಂದರೆ ಅತ್ತೆಯ ನಾದಿನಿ, ಸಾಲೋಟಗಿಯಲ್ಲಿ ಕೊಟ್ಟವಳು, ಅಂಗಳದಲ್ಲಿ ನಿಂತು ‘ವೈನಿ ತವರಿಗಿ ಸಾಗಿಸ್ಯಾಳ’ ಎಂದು ಅಣ್ಣನ ಹೆಂಡತಿಯ ಮೇಲೆ ಕೂಗಿದಳು. ಅದೇ ವರ್ಷ ಬಸವನ ಬಾಗೇವಾಡಿಯಲ್ಲಿ ಅತ್ತೆಯ ಅಣ್ಣ ಹೊಸ ಮನೆ ಕಟ್ಟಿಸಲು ಶುರು ಮಾಡಿದ. ಊರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಆಮೇಲೆ ಅತ್ತೆ ತವರಿಗೆ ಹೊರಟರೆ ಆಕೆಯ ಗಂಡನೇ ಚೀಲ ಬಿಚ್ಚಿ ನೋಡಿ ಕಳಿಸುತ್ತಿದ್ದನಂತೆ. ಒಂದು ಸಲ ಹೀಗೆ ಬಿಚ್ಚಿದ ಚೀಲವನ್ನು ಅಲ್ಲೇ ಬಿಟ್ಟು ಆಕೆ ಒಳಗೆ ಹೋದಳು. ಮತ್ತೆ ತವರಿಗೆ ಹೋಗಲಿಲ್ಲ. ಅಣ್ಣನ ಹೊಸ ಮನೆ ಒಳಗಿನಿಂದ ಹೇಗಿದೆ ಎಂದು ಆಕೆಗೆ ಗೊತ್ತೇ ಇರಲಿಲ್ಲ. ಗಂಡ ಸತ್ತ, ಮಗ ದೊಡ್ಡವನಾದ, ಮೊಮ್ಮಕ್ಕಳಾದರು. ಹೆಸರು ಮಾತ್ರ ಹೋಗಲಿಲ್ಲ.

ಈಗ ಹಗೇವಿನ ಮಾತು. ನೆಲದೊಳಗೆ ತೋಡಿದ ಜೋಳದ ಕಣಜ ಅದು. ಬಾಯಿ ಚಿಕ್ಕದು, ಒಬ್ಬ ಮನುಷ್ಯ ಇಳಿಯುವಷ್ಟು. ಒಳಗೆ ಎರಡಾಳು ಆಳ, ಗಡಿಗೆಯ ಹೊಟ್ಟೆಯ ಹಾಗೆ ಅಗಲ. ಜೋಳ ತುಂಬಿ, ಮೇಲೆ ಹೊಟ್ಟು ಹಾಕಿ, ಬಂಡೆ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಈಗ ಯಾರೂ ತುಂಬುವುದಿಲ್ಲ. ಈ ಮನೆಯ ಹಗೇವು ಅಂಗಳದ ಕೆಳಗೆ ಇದ್ದದ್ದೇ ಮರೆತುಹೋಗಿತ್ತು. ಹಿಂದಿನ ದಿನ ಅಂಗಳಕ್ಕೆ ಫರಸಿ ಕಲ್ಲು ಹಾಸುವಾಗ ಬಂಡೆಗೆ ಗುದ್ದಲಿ ತಾಗಿತು. ಸಂಜೆ ಕಲ್ಲು ಹಾಸುವ ಗೌಂಡಿಗಳು ಹೋದ ಮೇಲೆ ಗೆಳತಿಯ ಗಂಡ ಬಂಡೆ ಸರಿಸಿ, ಬಾವಿಯಲ್ಲಿ ಬಿದ್ದ ಕೊಡ ತೆಗೆಯುವ ಪಾತಾಳಗರಡಿಯನ್ನು ಹಗ್ಗಕ್ಕೆ ಕಟ್ಟಿ ಸುಮ್ಮನೆ ಇಳಿಬಿಟ್ಟ. ಅದರ ಕೊಕ್ಕೆಗೆ ಸಿಕ್ಕಿ ಮೇಲೆ ಬಂದದ್ದೇ ಈ ಡಾಬು, ಇದ್ದಿಲಿನಷ್ಟು ಕಪ್ಪಾಗಿ. ಅತ್ತೆ ಅದನ್ನು ನೋಡಿ ನೆಲಕ್ಕೆ ಕೂತು ಹೇಳಿದ್ದು ಒಂದೇ ಮಾತು: ‘ಇದು ನಮ್ಮತ್ತಿದು.’

ಗೆಳತಿ ರಾತ್ರಿಯೇ ನನಗೆ ಫೋನ್ ಮಾಡಿದಳು. ಅತ್ತೆ ಸಾಲೋಟಗಿಗೆ ಮಾಡಿಸಿದರು: ‘ನಿಮ್ಮವ್ವನ ಡಾಬು ಸಿಕ್ಕೈತಿ, ಮುಂಜಾನಿ ಬಂದು ಕಣ್ಣಾರೆ ನೋಡು.’ ಕೆಳಗೆ ಒಂದು ತಾಮ್ರದ ಚರಗಿ, ಅಂದರೆ ತಂಬಿಗೆ, ಕಾಣುತ್ತಿತ್ತು. ನಾದಿನಿ ಬರುವ ಮೊದಲು ಅದರೊಳಗಿನದನ್ನೆಲ್ಲ ಚಾಪೆಯ ಮೇಲೆ ಹರವಿ ಇಡಬೇಕು ಎನ್ನುವುದು ಅತ್ತೆಯ ಹಟ. ಕಳ್ಳಕಾಕರ ಭಯಕ್ಕೆ ರಾತ್ರಿ ಬಂಡೆಯನ್ನು ಮತ್ತೆ ಮುಚ್ಚಿಬಿಟ್ಟಿದ್ದರು. ಹಿಂದಿನವರಾದರೆ ಹಗೇವು ತೆಗೆದು ದಿನವಿಡೀ ಗಾಳಿಗೆ ಬಿಟ್ಟು ಆಮೇಲೆ ಇಳಿಯುತ್ತಿದ್ದರು. ಇವರ ಲೆಕ್ಕದಲ್ಲಿ ಅದು ನಿನ್ನೆಯೇ ತೆಗೆದಾಗಿತ್ತು. ಇನ್ನು ದೀಪ. ಮಗ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟದ್ದು ಬ್ಯಾಟರಿ. ಚಾರ್ಜ್ ಮಾಡುವ, ಬೆಳ್ಳಗೆ ಉರಿಯುವ, ಹೊಲಕ್ಕೆ ನೀರು ಬಿಡಲು ಹೋಗುವಾಗ ಹಿಡಿದು ಹೋಗುವ ಬ್ಯಾಟರಿ. ‘ದೀಪ ಬಿಡು, ಉರಿದರ ಇಳಿ’ ಎಂದು ಅಜ್ಜನ ಕಾಲದಿಂದ ಕೇಳಿಕೊಂಡು ಬಂದ ಮಾತನ್ನು ಅವನು ಚಾಚೂ ತಪ್ಪದೆ ಪಾಲಿಸಿದ್ದ. ಮನೆಯಲ್ಲಿ ಕಂದೀಲು ಇರಲಿಲ್ಲ, ಅದು ಏಕೆ ಬೇಕು ಎಂದು ಹೇಳುವವರೂ ಇರಲಿಲ್ಲ.

ಚರಗಿ ಮೇಲೆ ಬಂತು. ಗೆಳತಿ ಹಗ್ಗ ಎಳೆದದ್ದು, ಚರಗಿ ಫರಸಿಗೆ ತಾಗಿದ ಸದ್ದು ಎರಡೂ ನನಗೆ ಕೇಳಿಸಿದವು.

‘ಬಂತೋ ಯಪ್ಪಾ, ಬಂತು. ಇನ್ನ ಮ್ಯಾಲ ಬಾ’ ಎಂದರು ಅತ್ತೆ. ಉತ್ತರ ಬರಲಿಲ್ಲ. ‘ಏ, ಸಾಕು ಬಾರೋ. ಏನ ಹುಡುಕಾಕತ್ತಿ ಇನ್ನ?’

ಗೆಳತಿ ಗಂಡನನ್ನು ‘ಏನ್ರೀ’ ಎಂದು ಒಮ್ಮೆ ಕರೆದಳು. ಎರಡನೆಯ ಸಲ ಕರೆದದ್ದು ಕೂಗಾಗಿತ್ತು.

ನಾನು ಓಡಿಹೋಗಿ ಬಗ್ಗಿ ನೋಡಿದೆ. ಕೆಳಗೆ ಬ್ಯಾಟರಿ ಉರಿಯುತ್ತಿತ್ತು. ಅದರ ಬೆಳಕಿನಲ್ಲಿ ಒಂದೊಂದು ಹೊಟ್ಟಿನ ಎಳೆಯೂ ಕಾಣುತ್ತಿತ್ತು. ಅವನು ಏಣಿಯ ಬುಡದಲ್ಲಿ ಮಗ್ಗುಲಾಗಿ ಬಿದ್ದಿದ್ದ. ಒಂದು ಕೈ ಏಣಿಯ ಕೊನೆಯ ಮೆಟ್ಟಿಲ ಮೇಲಿತ್ತು. ಬ್ಯಾಟರಿ ನೋಡಿದ ಕ್ಷಣವೇ ನನಗೆ ಎಲ್ಲವೂ ತಿಳಿಯಿತು. ಗಾಳಿಯಿಲ್ಲದ ಕಡೆ ಬೆಂಕಿಯ ದೀಪ ಆರುತ್ತದೆ, ಬ್ಯಾಟರಿ ಆರುವುದಿಲ್ಲ. ತಳದಲ್ಲಿ ಉಳಿದು ಕೊಳೆತ ಜೋಳ ಒಳಗಿನ ಗಾಳಿಯನ್ನು ತಿಂದು ಹಾಕಿದೆ. ಕೆಳಗೆ ಇರುವುದು ಉಸಿರಾಡುವ ಗಾಳಿಯಲ್ಲ.

ಗೆಳತಿಯ ಕಾಲು ಆಗಲೇ ಏಣಿಯ ಮೇಲಿತ್ತು. ಅವಳ ಸೊಂಟಕ್ಕೆ ಎರಡೂ ಕೈ ಹಾಕಿ ಹಿಂದಕ್ಕೆ ಎಳೆದೆ. ಇಬ್ಬರೂ ಬಿದ್ದೆವು. ಅವಳು ನನ್ನ ಮುಂಗೈ ಕಚ್ಚಿದಳು.

‘ಬಿಡ ಲೇ, ಅಂವ ಸಾಯಾಕತ್ತಾನ! ಬಿಡ!’

‘ನೀ ಇಳಿದ್ರ ನೀನೂ ಸಾಯ್ತಿ. ಕೆಳಗ ಗಾಳಿ ಇಲ್ಲ.’

‘ನಿನಗ ಗಂಡ ಇಲ್ಲ, ನಿನಗೇನ ಗೊತ್ತಾಗತೈತಿ!’

ಹೌದು, ನಾನು ಮದುವೆಯಾಗಿಲ್ಲ. ಆ ಮಾತು ಕೇಳಿಯೂ ಬಿಡಲಿಲ್ಲ. ಇನ್ನೊಂದು ಕಡೆಯಿಂದ ಅತ್ತೆ ಸೀರೆ ಕಚ್ಚೆ ಕಟ್ಟುತ್ತಿದ್ದರು, ತಾವೇ ಇಳಿಯಲು. ಅವರಿಗೂ ಹಾಗೆಯೇ ಗದರಿಸಿದೆ. ನನ್ನ ದನಿ ಅಷ್ಟು ಗಟ್ಟಿಯಾಗಿ ಬರಬಲ್ಲದು ಎಂದು ನನಗೆ ಗೊತ್ತಿರಲಿಲ್ಲ.

ತಡವಾಗಿ ಬರಲು ಹೇಳಿದ್ದ ಗೌಂಡಿಗಳಿಬ್ಬರು ಅದೇ ಹೊತ್ತಿಗೆ ಬಾಗಿಲಿಗೆ ಬಂದರು. ಪಡಸಾಲೆಯ ಕೂಲರನ್ನು ಎಳೆದು ತಂದು ಹಗೇವಿನ ಬಾಯಿಗೆ ಬೋರಲು ಹಾಕಿ ಎಂದೆ. ಅವರು ಏಕೆ ಎಂದು ಕೇಳಲಿಲ್ಲ. ಒಂದು ಮಗ್ಗುಲಿಗೆ ಸಂದು ಬಿಟ್ಟು ಅದನ್ನು ಓರೆಯಾಗಿ ನಿಲ್ಲಿಸಿದರು. ಗಾಳಿ ಒಳಗೆ ನುಗ್ಗಿ ಹೊಟ್ಟು ಎದ್ದು ಹೊರಗೆ ಹಾರತೊಡಗಿತು. ಆ ಸಂದಿನಿಂದ ಪಾತಾಳಗರಡಿ ಇಳಿಬಿಟ್ಟೆವು. ಅವನು ಮಧ್ಯಾಹ್ನ ಸಿಂದಗಿಗೆ ಹೋಗುವವನಿದ್ದು ಪ್ಯಾಂಟು, ಬೆಲ್ಟು ಹಾಕಿಕೊಂಡಿದ್ದ. ಮೊದಲ ಸಲ ಕೊಕ್ಕೆ ಅಂಗಿಗೆ ಸಿಕ್ಕಿ ಅಂಗಿ ಹರಿಯಿತು. ಎರಡನೆಯ ಸಲ ಜಾರಿತು. ಮೂರನೆಯ ಸಲ ಹಿರಿಯ ಗೌಂಡಿ ಹೊಟ್ಟೆಯ ಮೇಲೆ ಮಲಗಿ, ತಲೆಯನ್ನು ಹೊರಗೇ ಇಟ್ಟುಕೊಂಡು, ಕೊಕ್ಕೆಯನ್ನು ಬೆಲ್ಟಿಗೆ ಸಿಕ್ಕಿಸಿದ. ಐವರೂ ಹಗ್ಗ ಎಳೆದೆವು. ಬಾವಿಯಿಂದ ಕೊಡ ಎತ್ತುವ ಸಲಕರಣೆಯಲ್ಲಿ ಒಬ್ಬ ಮನುಷ್ಯ ಮಡಚಿಕೊಂಡು ಮೇಲೆ ಬಂದ. ಮುಖ ನೀಲಿಯಾಗಿತ್ತು, ಉಸಿರು ಇತ್ತು.

ಎಷ್ಟು ಹೊತ್ತು ಅವನು ಕೆಳಗಿದ್ದ ಎಂದು ಡಾಕ್ಟರು ಕೇಳಿದರು. ಹತ್ತು ನಲವತ್ತು ಎಂದು ಹೇಳಲು ಬಂತು, ಆಮೇಲಿನದು ಹೇಳಲು ಬರಲಿಲ್ಲ. ಈಗಲೂ ಬರುವುದಿಲ್ಲ.

ಸಿಂದಗಿಯ ಆಸ್ಪತ್ರೆಯಲ್ಲಿ ಆಮ್ಲಜನಕ ಹಚ್ಚಿದರು. ಮಧ್ಯಾಹ್ನದ ಹೊತ್ತಿಗೆ ಕಣ್ಣು ಬಿಟ್ಟ. ಹೆಂಡತಿಯನ್ನು ನೋಡಿ ಅವನು ಕೇಳಿದ ಮೊದಲ ಮಾತು: ‘ಚರಗಿ ಮ್ಯಾಲ ಬಂತೇನ?’

‘ಆ ಚರಗೀ ಒಳಗ ನಿನ್ನನ್ನ ಹಾಕಿ ಹಗೇವಿಗಿ ಒಗೀಬೇಕು’ ಎಂದು ಗೆಳತಿ ಅವನ ಎದೆಯ ಮೇಲೆ ತಲೆಯಿಟ್ಟು ಅತ್ತಳು. ಗಂಡನಿಗೆ ಅವಳು ಎದುರಿಗೆ ಏಕವಚನ ಬಳಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಅಷ್ಟರಲ್ಲಿ ಸಾಲೋಟಗಿಯ ನಾದಿನಿ ಇಂಡಿಯಲ್ಲಿ ಬಸ್ಸು ಬದಲಿಸಿಕೊಂಡು ಆಸ್ಪತ್ರೆಗೇ ಬಂದರು. ಕುಳ್ಳನೆಯ, ಗಟ್ಟಿಮುಟ್ಟಾದ ಹೆಂಗಸು. ತಮ್ಮ ಅಣ್ಣನ ಮಗನ ಹಣೆ ಮುಟ್ಟಿ ನೋಡಿ, ಅವನು ಬದುಕಿದ್ದಾನೆ ಎಂದು ಖಾತ್ರಿಯಾದ ಮೇಲೆ, ಬೆಂಚಿನ ಮೇಲೆ ಕೂತಿದ್ದ ವೈನಿಯ ಕಡೆ ತಿರುಗಿದರು.

‘ಎಲ್ಲೈತಿ ತೋರಸು ನಮ್ಮವ್ವನ ಬಂಗಾರ.’

ಅತ್ತೆ ಮಡಿಲಲ್ಲಿದ್ದ ಗಂಟು ಬಿಚ್ಚಿದರು. ಚರಗಿಯಲ್ಲಿದ್ದದ್ದನ್ನೆಲ್ಲ ಡಾಬಿನ ಜೊತೆಗೆ ಗೆಳತಿ ಹೊರಡುವಾಗ ಒಂದು ಕುಪ್ಪಸದ ಬಟ್ಟೆಗೆ ಸುರಿದು ಕಟ್ಟಿಕೊಟ್ಟಿದ್ದಳು. ನಾದಿನಿ ಬೋರಮಾಳವನ್ನು ಎರಡು ಬೆರಳಿನಲ್ಲಿ ಎತ್ತಿ ನೋಡಿದರು. ಮಣಿಗಳು ಮಂಕಾಗಿದ್ದವು, ಅಲ್ಲಲ್ಲಿ ಅಪ್ಪಚ್ಚಿಯಾಗಿದ್ದವು.

‘ಇದಲ್ಲ’ ಎಂದರು. ‘ನಮ್ಮವ್ವನ ಬೋರಮಾಳ ಇಷ್ಟಿಷ್ಟು ದಪ್ಪ ಇತ್ತು. ಹಾಕ್ಕೊಂಡ್ರ ಕೊಳ್ಳು ಬಗ್ಗತಿತ್ತು. ಇದನ್ನ ಯಾವ ಸಂತ್ಯಾಗ ತಂದಿ ವೈನಿ? ನನ್ನ ಬಾಯಿ ಮುಚ್ಚಸಾಕ ಮಗನ್ನ ಹಗೇವಿನಾಗ ಇಳಸೂ ನಾಟಕ ಬ್ಯಾರೆ ಮಾಡಿ.’

ಅತ್ತೆ ಗಂಟಿನ ಬಟ್ಟೆಯ ಅಂಚನ್ನು ಮಡಚತೊಡಗಿದರು. ನನಗೆ ಅದನ್ನು ನೋಡಲಾಗಲಿಲ್ಲ. ನಲವತ್ತು ವರ್ಷದಷ್ಟು ಹಳೆಯ ಹೆಸರು ತೊಳೆದುಹೋಗಲಿ ಎಂದು ಮಗನನ್ನು ಇಳಿಸಿದ್ದರು. ಮಗ ಸಾಯುವುದರಲ್ಲಿದ್ದ, ಹೆಸರು ಇದ್ದಲ್ಲೇ ಇತ್ತು.

‘ಇದು ಸಂತೆಯದೋ ಅಲ್ಲೋ ಅಂತ ನಾ ಹೇಳ್ತೇನ್ರಿ’ ಎಂದೆ. ‘ಅದು ನನ್ನ ಕೆಲಸ. ನೀವು ಸಾಲೋಟಗಿಗಿ ಈಗ ಹೋಗಿ, ನಾ ಕರೆದಾಗ ಬರ್ರಿ.’

‘ನೀ ಯಾರವ್ವಾ?’

‘ಪತ್ತಾರರ ಮಗಳು.’

‘ಆಕೀ ಕಡಿಯಾಕಿ.’

‘ನಾ ಬಂಗಾರದ ಕಡಿಯಾಕಿ.’

ಆ ಗಂಟನ್ನು ಮುದ್ದೇಬಿಹಾಳಕ್ಕೆ ತಂದೆ. ಹಗಲು ನಾನು ಗಟ್ಟಿ ಇದ್ದೆ. ರಾತ್ರಿ ಕಣ್ಣು ಮುಚ್ಚಿದರೆ ಆ ಬಿಳಿ ಬೆಳಕು. ಬ್ಯಾಟರಿ ಉರಿಯುತ್ತಿದೆ, ಪಕ್ಕದಲ್ಲಿ ಮನುಷ್ಯ ಬಿದ್ದಿದ್ದಾನೆ, ನನ್ನ ಕೈಯಲ್ಲಿ ಗೆಳತಿಯ ಸೊಂಟ. ಒಮ್ಮೊಮ್ಮೆ ಕನಸಿನಲ್ಲಿ ನನ್ನ ಕೈ ಜಾರುತ್ತಿತ್ತು. ಬ್ಯಾಂಕಿನಲ್ಲಿ ನನ್ನ ಮೇಜಿನ ಮೇಲೆ ಅಂಥದೇ ಬಿಳಿ ಬೆಳಕಿನ ದೀಪವಿದೆ. ಇಂಡಿಯ ಶಾಖೆಯಲ್ಲಿ ಒಂದು ದಿನ ಅದನ್ನು ಹಚ್ಚಿದ ಕೂಡಲೇ ಗಿರಾಕಿಯ ಕಿವಿಯೋಲೆ ನನ್ನ ಕೈಯಿಂದ ಕೆಳಗೆ ಬಿತ್ತು. ಅಂದಿನಿಂದ ಕಿಟಕಿಯ ಪಕ್ಕಕ್ಕೆ ಮೇಜು ಸರಿಸಿಕೊಂಡು ಬಿಸಿಲಿನಲ್ಲೇ ನೋಡತೊಡಗಿದೆ.

ನೆಲದಿಂದ ಸಿಕ್ಕ ಬಂಗಾರದ ಒಡವೆಗೆ ಮೊದಲು ಮಾಡಬೇಕಾದದ್ದು ಏನೂ ಮಾಡದಿರುವುದು. ಜನ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾರೆ, ಬೂದಿ ಹಾಕಿ ಉಜ್ಜುತ್ತಾರೆ, ಹೊಳಪಿನ ಜೊತೆಗೆ ಗುರುತೂ ಹೋಗುತ್ತದೆ. ನಾನು ಒಂದೊಂದನ್ನೇ ಬಿಳಿ ಬಟ್ಟೆಯ ಮೇಲಿಟ್ಟು ಬೆನ್ನು ನೋಡಿದೆ. ಒಡವೆಯ ಮುಖ ಸುಳ್ಳು ಹೇಳಬಹುದು, ಬೆನ್ನು ಹೇಳುವುದಿಲ್ಲ. ಯಾರೂ ನೋಡುವುದಿಲ್ಲ ಎಂದು ಪತ್ತಾರ ಅಲ್ಲಿ ತನ್ನ ಕೈಯನ್ನು ಅಡಗಿಸುವುದಿಲ್ಲ. ಪಾಟಲಿಗಳ ಒಳಮೈ ನುಣ್ಣಗೆ ಸವೆದಿತ್ತು; ಅದು ದಿನವೂ ಕೆಲಸ ಮಾಡಿದ ಕೈಯ ಸವೆತ, ಪೆಟ್ಟಿಗೆಯಲ್ಲಿಟ್ಟು ಹಬ್ಬಕ್ಕೆ ಹಾಕಿದ ಕೈಯದಲ್ಲ. ಒರೆಗಲ್ಲಿನ ಮೇಲೆ ಎಳೆದ ಗೆರೆ ಕೆಂಪು ಕಡಿಮೆಯಿರುವ ಹಳದಿ: ಒಳ್ಳೆಯ ಬಂಗಾರ. ನತ್ತಿನ ಮುತ್ತುಗಳಲ್ಲಿ ಎರಡು ನಿಜವಾದವು, ಕಡಲಿನವು, ಹಲ್ಲಿಗೆ ಸವರಿದರೆ ಸಣ್ಣ ಮರಳಿನ ಹಾಗೆ ತಾಗುತ್ತವೆ. ಒಂದು ಗಾಜು, ಆಮೇಲೆ ಯಾರೋ ಹಾಕಿಸಿದ್ದು. ಡಾಬು ಬೆಳ್ಳಿಯೇ. ಕೊರಳ ಟಿಕ್ಕಿ ಮಾತ್ರ ತಾಮ್ರದ ಮೇಲೆ ಬಂಗಾರದ ನೀರು. ಅದರ ಅಂಚಿನಲ್ಲಿ ಹಸಿರು ಕಿಲುಬು ಹೊರಬಂದಿತ್ತು.

ಊರಿನಲ್ಲಿ ಆಗಲೇ ‘ನಿಧಿ’ ಎಂಬ ಮಾತು ಹಬ್ಬಿತ್ತು. ನೂರು ವರ್ಷಕ್ಕೂ ಹಿಂದೆ ಯಾರೋ ಹೂತಿಟ್ಟದ್ದು, ಒಡೆಯರು ಗೊತ್ತಿಲ್ಲದ್ದು ಸಿಕ್ಕರೆ ಸರ್ಕಾರಕ್ಕೆ ತಿಳಿಸಲೇಬೇಕು. ಆದರೆ ಗಂಟಿನಲ್ಲಿದ್ದ ಝುಮಕಿಯ ತಿರುಪು ನೋಡಿದರೆ ಸಾಕಿತ್ತು. ಕೈಯಲ್ಲಿ ಅರದಿಂದ ಕೊರೆದ ತಿರುಪಿನ ಗೆರೆಗಳು ಒಂದಕ್ಕೊಂದು ಹೊಂದುವುದಿಲ್ಲ. ಇದರ ಗೆರೆಗಳು ಮಷಿನ್ನಿನಲ್ಲಿ ಕೊರೆದವು, ಒಂದೇ ಸಮ. ಇದು ರಾಜರ ಕಾಲದ್ದಲ್ಲ, ಈ ಮನೆಯ ಮುದುಕಿ ಹರೆಯದಲ್ಲಿ ಮಾಡಿಸಿದ್ದು. ನನ್ನ ಅಭಿಪ್ರಾಯವನ್ನು ಹಾಗೆಯೇ ಬರೆದು ಕೊಟ್ಟೆ. ಗೆಳತಿಯ ಗಂಡ ಚೇತರಿಸಿಕೊಂಡ ಮೇಲೆ ಅದನ್ನು ತಾಲ್ಲೂಕು ಕಚೇರಿಗೂ ತೋರಿಸಿದ.

ಉಳಿದದ್ದು ಬೋರಮಾಳ. ಬಾರಿಹಣ್ಣಿನ, ಅಂದರೆ ಎಲಚಿಹಣ್ಣಿನ, ಆಕಾರದ ಟೊಳ್ಳು ಮಣಿಗಳ ಸರ ಅದು. ತೆಳ್ಳನೆಯ ಬಂಗಾರದ ತಗಡನ್ನು ಕಂಚಿನ ಅಚ್ಚಿನ ಗುಂಡಿಯಲ್ಲಿ ಬಡಿದು ಅರ್ಧ ಮಣಿ ಮಾಡುತ್ತಾರೆ, ಎರಡು ಅರ್ಧ ಸೇರಿಸಿ ಬೆಸೆದು ಒಳಗೆ ಅರಗು ತುಂಬುತ್ತಾರೆ. ಇಡೀ ಸರ ಐದು ತೊಲೆಯಷ್ಟು ತೂಗಿತು. ಮೊದಲೇ ಒಡೆದಿದ್ದ ಒಂದು ಮಣಿಯ ತಗಡು ಬೇರೆ, ಅರಗು ಬೇರೆ ತೂಗಿ ನೋಡಿದರೆ, ಬಂಗಾರ ಅರ್ಧಕ್ಕಿಂತಲೂ ಕಡಿಮೆ. ಉಳಿದದ್ದು ಅರಗಿನ ಭಾರ. ಭೂತಗನ್ನಡಿಯಲ್ಲಿ ಮಣಿಗಳನ್ನು ತಿರುಗಿಸುತ್ತಿದ್ದಾಗ ಒಂದು ಕಂಡಿತು. ಪ್ರತಿ ಅರ್ಧ ಮಣಿಯ ಹೊಟ್ಟೆಯ ಮೇಲೆ ಒಂದೇ ಜಾಗದಲ್ಲಿ ಒಂದು ಸಣ್ಣ ಏರು, ಕೂದಲೆಳೆಯಷ್ಟು, ತುದಿಯಲ್ಲಿ ಸ್ವಲ್ಪ ಬಾಗಿದ್ದು. ಅಚ್ಚಿನ ಗುಂಡಿಯಲ್ಲಿ ಎಂದೋ ಒಂದು ಗೀರು ಬಿದ್ದಿದೆ, ಅದು ಪ್ರತಿ ಮಣಿಗೂ ಮೂಡಿದೆ. ಬೇರೆ ಅಚ್ಚಿನ ಮಣಿಗೆ ಈ ಏರು ಬರುವುದಿಲ್ಲ.

ನನಗೆ ಆಗ ನೆನಪಾದದ್ದು ಆಸ್ಪತ್ರೆಯ ಬೆಂಚಿನ ಮುಂದೆ ನಿಂತ ನಾದಿನಿಯ ಕೊರಳು. ಅವರ ತಾಳಿಯ ಎರಡೂ ಬದಿಗೆ ಬಾರಿಹಣ್ಣಿನಂಥ ಗುಂಡುಗಳಿದ್ದವು, ಅಂದರೆ ಮಣಿಗಳು. ನಮ್ಮ ಕಡೆ ಮಗಳನ್ನು ಕೊಡುವಾಗ ತಾಯಿ ತನ್ನ ಸರದಿಂದ ಕೆಲವು ಮಣಿ ಬಿಡಿಸಿ ಮಗಳ ತಾಳಿಗೆ ಪೋಣಿಸಿ ಕೊಡುವುದುಂಟು. ಗೆಳತಿಗೆ ಫೋನ್ ಮಾಡಿದೆ. ಆಸ್ಪತ್ರೆಯ ದಿನದಿಂದ ನಮ್ಮಿಬ್ಬರಿಗೆ ಮಾತಿರಲಿಲ್ಲ.

‘ನಿಮ್ಮತ್ತೀ ನಾದಿನಿ ಕೊಳ್ಳಾಗಿನ ಗುಂಡು ಯಾರು ಕೊಟ್ಟಿದ್ದು, ಕೇಳಿ ಹೇಳು.’

ಸ್ವಲ್ಪ ಹೊತ್ತಿಗೆ ಉತ್ತರ ಬಂತು: ‘ಅವರವ್ವ ಕೊಟ್ಟಿದ್ದಂತ. ಮದುವ್ಯಾಗ.’ ಆಮೇಲೆ, ‘ಕೈ ಹೆಂಗೈತಿ?’

‘ಯಾವ ಕೈ?’

‘ನಾ ಕಚ್ಚಿದ್ದು.’

‘ನಾಯಿ ಕಡದ್ರ ಹಾಕೂ ಸೂಜಿ ಹಾಕಿಸ್ಕೊಂಡೇನಿ.’

ಅವಳು ನಕ್ಕಳು, ನಡುವೆಯೇ ಅತ್ತಳು. ‘ಬಿಟ್ಟಿದ್ರ ನನ್ನ ಮಕ್ಕಳಿಗಿ ಇಬ್ಬರೂ ಇರತಿದ್ದಿಲ್ಲ’ ಎಂದಳು. ನಾನು ಮಾತು ಬೇರೆ ಕಡೆ ತಿರುಗಿಸಿದೆ.

ಗೆಳತಿಯ ಗಂಡ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಒಂದು ಭಾನುವಾರ ಎಲ್ಲರನ್ನೂ ಮೋರಟಗಿಯಲ್ಲಿ ಸೇರಿಸಿದೆ. ಅಂಗಳದಲ್ಲಿ ಹಗೇವಿನ ಬಾಯಿಗೆ ಮಣ್ಣು ತುಂಬಿ ಫರಸಿ ಹಾಸಿಯಾಗಿತ್ತು. ನಾನು ಅದನ್ನು ಬಳಸಿಕೊಂಡು ದೂರದಿಂದ ನಡೆದೆ. ಪಡಸಾಲೆಯಲ್ಲಿ ಅವನು ಮಂಚದ ಮೇಲೆ ಕೂತಿದ್ದ, ಅತ್ತೆ ಕಂಬಕ್ಕೆ ಒರಗಿದ್ದರು. ನಾದಿನಿ ಚಹಾ ಬೇಡವೆಂದು ಚಾಪೆಯ ತುದಿಗೆ ಕೂತರು.

‘ಅವ್ವಾರ, ನಿಮ್ಮ ತಾಳಿ ತಗೀಬ್ಯಾಡ್ರಿ. ಹಂಗ ಮುಂದ ಬಾಗ್ರಿ’ ಎಂದೆ.

‘ಯಾಕ, ನಾ ಏನ ಅಡ ಇಡಾಕ ಬಂದೇನೇನ ನಿನ್ನ ಬ್ಯಾಂಕಿಗಿ?’

‘ನಿಮ್ಮವ್ವ ಕೊಟ್ಟ ಗುಂಡು ಅಸಲಿ ಹೌದೋ ಅಲ್ಲೋ ನೋಡ್ತೇನಿ.’

‘ಹಾಂ? ನಮ್ಮವ್ವ ಖೊಟ್ಟಿ ಕೊಡತಾಳೇನ? ನೋಡು, ಛಂದಂಗ ನೋಡು!’ ಎಂದು ತಾವೇ ಸೆರಗು ಸರಿಸಿ ಕೊರಳು ಚಾಚಿದರು.

ನೋಡಿದೆ. ಆ ಏರು ಅಲ್ಲಿತ್ತು. ಅದೇ ಜಾಗ, ಅದೇ ಬಾಗು. ನನಗೆ ಆಶ್ಚರ್ಯವೇನೂ ಆಗಲಿಲ್ಲ. ಅದು ಅಲ್ಲಿ ಇದ್ದೇ ಇರುತ್ತದೆ ಎಂದು ಗೊತ್ತಿತ್ತು. ಆದರೆ ನಾನು ನೋಡಿದರೆ ಕೆಲಸವಾಗುತ್ತಿರಲಿಲ್ಲ. ಬಾಗಿಲ ಬೆಳಕಿಗೆ ಅವರನ್ನು ಕರೆದುಕೊಂಡು ಹೋಗಿ, ಭೂತಗನ್ನಡಿಯನ್ನು ಅವರ ಕೈಗೇ ಕೊಟ್ಟೆ. ಮೊದಲು ಅವರ ಕೊರಳಿನ ಮಣಿ, ಆಮೇಲೆ ಹಗೇವಿನ ಮಣಿ. ಹೇಗೆ ಕಣ್ಣಿಗೆ ಹಿಡಿಯಬೇಕೆಂದು ತೋರಿಸಿದೆ. ಏರು ಎಲ್ಲಿದೆ ಎಂದು ಹೇಳಲಿಲ್ಲ.

ಬಹಳ ಹೊತ್ತು ನೋಡಿದರು. ‘ಇದರಾಗ ಒಂದು ಹುಳದಂಗ ಐತಿ’ ಎಂದರು. ಇನ್ನೊಂದನ್ನು ನೋಡಿದರು. ‘ಇದರಾಗೂ ಐತಿ.’ ಮತ್ತೊಂದು ಮಣಿ, ಮತ್ತೊಂದು. ಕೊನೆಗೆ ಕನ್ನಡಿ ಕೆಳಗಿಳಿಸಿ, ‘ಎಲ್ಲಾದರಾಗೂ ಐತೆಲ್ಲ’ ಎಂದರು.

‘ಒಂದ ಅಚ್ಚಿನಾಗ ಬಡದದ್ದು. ನಿಮ್ಮ ಕೊಳ್ಳಾಗಿನವು ಇದೇ ಸರದಾಗಿಂದ ಬಿಡಿಸಿದ ಗುಂಡು.’

‘ಮತ್ತ ಅವ್ವಂದು ಭಾಳ ವಜ್ಜಿ ಇತ್ತಲ್ಲ?’

‘ನೀವು ಸಣ್ಣವರಿದ್ರಿ. ಮತ್ತ ಗುಂಡಿನ ಒಳಗ ಇರೂದು ಅರಗು. ನೆಲದಾಗ ಇದ್ದು ಒಂದಿಷ್ಟು ಉದುರೇತಿ. ನಿಮ್ಮ ಕೊಳ್ಳಾಗಿನವೂ ಅರಗ ತುಂಬಿದ್ವ.’

ಅವರು ತಮ್ಮ ತಾಳಿಯನ್ನು ಸೆರಗಿನೊಳಗೆ ಸೇರಿಸಿಕೊಂಡರು. ಮಂಚದ ಮೇಲಿದ್ದವನು ಕಿಸಕ್ಕನೆ ನಕ್ಕು ಕೆಮ್ಮಿದ.

‘ಹಂಗಾರ ಅವ್ವನ ಇಟ್ಟಿದ್ಳೇನ?’ ಅವರು ಯಾರನ್ನೂ ನೋಡದೆ ಕೇಳಿದರು. ‘ನನಗೊಂದ ಮಾತು ಹೇಳಲಿಲ್ಲ.’

‘ಮಾತ ಹೋಗಿತ್ತಲ್ಲ ಆಕೀದು’ ಎಂದರು ಅತ್ತೆ. ಅಂದು ಅವರು ಆಡಿದ ಮೊದಲ ಮಾತು. ‘ದಿನಾ ಅಂಗಳದ ಕಡೆ ಕೈ ಮಾಡತಿದ್ಳು. ಬಿಸಲಾಗ ಕುಂದ್ರಬೇಕೇನೋ ಅಂತ ನಾ ಎತ್ತಿಕೊಂಡು ಹೋಗಿ ಹೊರಗ ಕುಂದ್ರಸತಿದ್ದೆ. ಅಳತಿದ್ಳು.’

ಹೊರಗೆ ಟ್ರ್ಯಾಕ್ಟರ್ ಒಂದು ಹಾಡು ಹಾಕಿಕೊಂಡು ಹೋಯಿತು.

ಆಮೇಲೆ ನಾದಿನಿ ಗಂಟಲು ಸರಿಮಾಡಿಕೊಂಡು, ‘ಮಗಳಿಗೂ ಪಾಲ ಬರತೈತಿ’ ಎಂದರು.

ಗೆಳತಿ ಎದ್ದು ನಿಂತಳು. ಅತ್ತೆ ಕೈ ಹಿಡಿದು ಕೂರಿಸಿದರು.

‘ಪಾಟಲಿ ತಗೋ, ನತ್ತ ತಗೋ, ಬೋರಮಾಳಾನೂ ತಗೋ. ನನಗ ಒಂದ ಗುಂಡೂ ಬ್ಯಾಡ. ಹೊರಗ ಕಟ್ಟೀ ಮ್ಯಾಗ ನಿಂದ್ರು. ಅವತ್ತ ಎಷ್ಟ ಜೋರ ಒದರಿದ್ದಿ, ಇವತ್ತೂ ಅಷ್ಟ ಜೋರ ಒದರು.’

‘ಈಗ ಆ ವಯಸ್ಸೈತೇನ ವೈನಿ?’

‘ಐತಿ. ಮೊನ್ನಿ ದವಾಖಾನ್ಯಾಗ ಛಲೋ ಒದರಿದಿ.’

ನಾದಿನಿ ಎದ್ದರು. ಮೊಣಕಾಲು ಹಿಡಿದುಕೊಂಡು, ಹೊಸ ಫರಸಿಯ ಅಂಗಳ ದಾಟಿ, ಬೀದಿಯ ಕಟ್ಟೆ ಹತ್ತಿದರು. ನಾವು ಬಾಗಿಲಲ್ಲಿ ನಿಂತೆವು. ಎದುರು ಮನೆಯ ಹೆಂಗಸರು ಆಗಲೇ ಕೆಲಸ ಬಿಟ್ಟು ನೋಡುತ್ತಿದ್ದರು.

‘ಏ, ಕೇಳ್ರಿಲ್ಲೆ!’ ದನಿಗೆ ನಿಜಕ್ಕೂ ವಯಸ್ಸಾಗಿರಲಿಲ್ಲ. ‘ನಮ್ಮವ್ವನ ಬಂಗಾರ ಸಿಕ್ಕೈತಿ. ನಮ್ಮವ್ವನ ಹಗೇವಿನಾಗ ಇಟ್ಟಿದ್ಳು. ನಮ್ಮ ವೈನಿ ತಗೊಂಡಿಲ್ಲ. ನಾ ಅಂದಿದ್ದ ಸುಳ್ಳು.’ ಯಾರೋ ನಕ್ಕಂತೆ ಅನಿಸಿರಬೇಕು, ‘ಏನ ನಗ್ತೀರಿ? ನೀವೂ ಅಂದೀರಿ, ನನಗಿಂತ ಜಾಸ್ತಿ ಅಂದೀರಿ!’ ಎಂದು ಸೇರಿಸಿದರು.

ಒಳಗೆ ಬಂದು, ಬೋರಮಾಳವನ್ನು ಕೈಯಲ್ಲಿ ತೂಗಿ ನೋಡಿ, ಅದನ್ನು ಅತ್ತೆಯ ತೊಡೆಯ ಮೇಲೆ ಇಟ್ಟರು. ಪಾಟಲಿಯನ್ನು ಮಾತ್ರ ತಮ್ಮ ಕೈಗೆ ಏರಿಸಿಕೊಂಡರು. ಅವು ಒಳ್ಳೆಯ ಬಂಗಾರ ಎಂದು ನಾನು ಹೇಳಿದ್ದನ್ನು ಅವರು ಕೇಳಿಸಿಕೊಂಡಿದ್ದರು. ಚಹಾ ಕುಡಿದು ಹೊರಟರು.

ಸಂಜೆ ಅತ್ತೆ ಮಗನಿಗೆ, ‘ನನಗ ಬಾಗೇವಾಡಿ ಬಸ್ ಹತ್ತಸು’ ಎಂದರು. ಚೀಲದಲ್ಲಿ ಎರಡು ಸೀರೆ ಇಟ್ಟುಕೊಂಡು, ಬಾಯಿ ಬಿಚ್ಚಿಕೊಂಡಿದ್ದ ಆ ಚೀಲವನ್ನು ಹಾಗೆಯೇ ತೋಳಿಗೆ ಹಾಕಿಕೊಂಡರು. ಅದೇ ದಾರಿಯವಳಾದ ನಾನೂ ಜೊತೆಗೆ ಹೋದೆ. ಬಸವನ ಬಾಗೇವಾಡಿಯಲ್ಲಿ ಅಣ್ಣನ ಮನೆಯ ಬಾಗಿಲವರೆಗೆ ಬಿಟ್ಟೆ. ಅಣ್ಣ ಈಗ ಇಲ್ಲ. ಅವನ ಹೆಂಡತಿ ಬಾಗಿಲು ತೆಗೆದು, ಗುರುತು ಹಿಡಿಯಲು ಕಣ್ಣು ಕಿರಿದು ಮಾಡಿ, ‘ಯವ್ವಾ, ನೀನಾ?’ ಎಂದು ಕೈ ಹಿಡಿದು ಒಳಗೆ ಎಳೆದುಕೊಂಡಳು. ಹೊಸ್ತಿಲಲ್ಲಿ ನಿಂತ ಅತ್ತೆ ಜಂತಿ, ಗೂಡು, ಗೋಡೆ ಎಲ್ಲವನ್ನೂ ತಲೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ನಾನು ಮುದ್ದೇಬಿಹಾಳದ ಬಸ್ಸು ಹಿಡಿದೆ.

ಮರುದಿನ ಬೆಳಿಗ್ಗೆ ಫೋನ್ ಎಷ್ಟು ಸಲ ಹೊಡೆಯಿತೋ ಗೊತ್ತಿಲ್ಲ. ತೆಗೆದಾಗ ಗೆಳತಿಯ ದನಿ.

‘ಲೇ, ಬಾಗೇವಾಡಿಯಿಂದ ಫೋನ್ ಬಂದಿತ್ತು. ಅತ್ತಿ ಇನ್ನೂ ಎದ್ದಿಲ್ಲಂತ. ಅಂಜಿ ಮೂಗಿನ ಹಂತೇಕ ಕೈ ಹಿಡದು ನೋಡ್ಯಾರ. ಗೊರಕಿ ಹೊಡ್ಯಾಕತ್ತಾಳಂತ. ಈ ಮನ್ಯಾಗ ಆಕಿ ಗೊರಕಿ ಹೊಡದದ್ದ ನಾ ಕೇಳಿಲ್ಲ.’

‘ನೀವಿಬ್ಬರು?’

‘ಈಗ ಎದ್ದೇವಿ. ಅವರು ಹಲ್ಲುಜ್ಜಾಕತ್ತಾರ. ನೀನು?’

ಕಿಟಕಿಯ ಬಿಸಿಲು ಹಾಸಿಗೆ ದಾಟಿ ಗೋಡೆಯ ಬುಡಕ್ಕೆ ಹೋಗಿತ್ತು. ಇಡೀ ರಾತ್ರಿಯಲ್ಲಿ ಒಂದು ಸಲವೂ ಎದ್ದ ನೆನಪು ನನಗಿರಲಿಲ್ಲ.

‘ನೀ ಎಬ್ಬಿಸಿದಿ’ ಎಂದೆ.